ತೊಲೆಯ ಮಂದ್ರಸ್ವರ

ಹಳೆಯ ಶಾಲೆಯ ಸದ್ದುಗಳಿಂದ ಸಂಗೀತ ಕಟ್ಟಲು ಬಂದವರು ತಮ್ಮ ರೆಕಾರ್ಡರನ್ನು ಮಾಡಿನ ತೊಲೆಯ ಕೆಳಗಿಟ್ಟರು.

“ನನಗೆ ಗೆದ್ದಲು ಹಿಡಿದಿದೆ. ಕೆಳಗೆ ಮಕ್ಕಳು ಕೂರುತ್ತಾರೆ, ಅದಕ್ಕೇ ನರಳುತ್ತಿದ್ದೇನೆ. ನಿನ್ನವರಿಗೆ ಹೇಳು!” ಎಂದಿತು ತೊಲೆ. ಅದು ಸತ್ಯವೆಂದು ಗೋಡೆಯ ಹಲ್ಲಿ ಲೊಚಗುಟ್ಟಿತು.

“ದೂರು ಹೊರುವುದು ನನ್ನ ಕೆಲಸವಲ್ಲ. ಆದರೆ ತಮ್ಮ ಮಂದ್ರಸ್ವರ ಅಮೋಘ,” ಎಂದಿತು ರೆಕಾರ್ಡರ್.

ವಾರ್ಷಿಕೋತ್ಸವದ ದಿನ ಅದೇ ಕೋಣೆಯಲ್ಲಿ ಅದೇ ರೆಕಾರ್ಡರಿನಿಂದ ಆ ಸಂಗೀತ ಕೇಳಿಸಿದರು. ತೊಲೆಯ ನರಳಾಟವೆಲ್ಲ ಅದರಲ್ಲಿತ್ತು. ಹಲ್ಲಿಯ ಸದ್ದು ಇರಲಿಲ್ಲ.

“ನನ್ನ ಸಾಕ್ಷಿ ಎಲ್ಲಿ?” ತೊಲೆ ಸಿಡುಕಿತು.

“ಅದು ಗಲಾಟೆ ಅಂತ ತೆಗೆದುಹಾಕಿದರು,” ಎಂದಿತು ರೆಕಾರ್ಡರ್.

ಚಪ್ಪಾಳೆಯ ಅಬ್ಬರಕ್ಕೆ ತೊಲೆ ಅದುರಿತು. ಮುಂದಿನ ಸಾಲಿನ ಮಕ್ಕಳ ತಲೆಯ ಮೇಲೆ ಗೆದ್ದಲುಮಣ್ಣು ಉದುರಿತು.

“ಏಳಿ, ಓಡಿ!” ಎಂದು ತೊಲೆ ಶಕ್ತಿಮೀರಿ ನರಳಿತು.

“ಒನ್ಸ್ ಮೋರ್!” ಎಂದು ಜನ ಕೂಗಿದರು.