ಮೆಕ್ಯಾನಿಕನ ತಾಳ್ಮೆ

"ಗುರುಗಳೇ, ಸಿಟ್ಟು ನನ್ನ ಹುಟ್ಟುಗುಣ. ತಾಳ್ಮೆ ಎಂಬುದು ನನಗೆ ಬಂದೇ ಇಲ್ಲ. ಇಲ್ಲದ ಗುಣಕ್ಕೆ ಮನುಷ್ಯ ಹೊಣೆಯೇ?" ಎಂದು ಸಂಕಣ್ಣ ಕೇಳಿದ.

ಅವನು ಮಠಕ್ಕೆ ಬರತೊಡಗಿ ಆರು ವರ್ಷವಾಗಿತ್ತು. ಎರಡು ದಿನದ ಹಿಂದೆ ಅವನ ಹೆಂಡತಿ ಒಡೆದ ತುಟಿಯಲ್ಲೇ ತವರಿಗೆ ಹೋಗಿದ್ದಳು. ಅದು ಗುರುಗಳ ಕಿವಿಗೂ ಬಿದ್ದಿತ್ತು. ಅವರು ಸಂಕಣ್ಣನನ್ನು ಕೂರಲು ಹೇಳಿ, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಹೆದ್ದಾರಿಯ ಬದಿಗೆ ಅವನ ಗ್ಯಾರೇಜು, ಅದರ ಹಿಂದೆಯೇ ಮನೆ. ಅವನ ಕೈಗುಣ ಸುತ್ತಲ ಊರುಗಳಿಗೆಲ್ಲ ಗೊತ್ತಿತ್ತು. ಅವನ ಸಿಟ್ಟು ಮನೆಯವರಿಗೆ ಮಾತ್ರ ಗೊತ್ತಿತ್ತು.

ಮದುವೆಯಾದ ಹೊಸದರಲ್ಲಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ತಟ್ಟೆ ಬೀಸಿದ. ಹೆಂಡತಿಯ ಹುಬ್ಬು ಸೀಳಿತು. ಅತ್ತೆ ಗಾಯಕ್ಕೆ ಅರಿಸಿನ ಒತ್ತುತ್ತ, "ಅವನ ಸ್ವಭಾವವೇ ಹಾಗೆ ತಾಯಿ. ಹುಟ್ಟಿದಾಗಿನಿಂದ ತಾಳ್ಮೆಯಿಲ್ಲ. ಅವನಾದರೂ ಏನು ಮಾಡಿಯಾನು?" ಎಂದಳು. ಹೆಂಡತಿ ಆ ಮಾತನ್ನು ನಂಬಿದಳು. ಕುಂಟನಿಗೆ ಓಡು ಎನ್ನುವವರುಂಟೇ? ಗಂಡನಲ್ಲಿ ಇಲ್ಲದ್ದನ್ನು ತಾನು ಕೇಳಬಾರದು ಎಂದುಕೊಂಡು ಸಂಸಾರ ಮಾಡಿದಳು. ಅತ್ತೆ ತೀರಿಕೊಂಡ ಮೇಲೂ ಆ ಮಾತು ಅವಳ ಜೊತೆಗೇ ಉಳಿಯಿತು.

ಅವರಿಗೆ ಮಗಳು ಹುಟ್ಟಿದ ವರ್ಷ ಊರಿನ ಹತ್ತಿ ಗಿರಣಿ ಮುಚ್ಚಿತು. ಗಿರಣಿಯ ಷೆಡ್ಡಿನಲ್ಲಿ ಒಂದು ಅಮೆರಿಕದ ಕಾರು ಬಿದ್ದಿತ್ತು. ಹಿಂದಿನ ಧಣಿ ಹಡಗಿನಲ್ಲಿ ತರಿಸಿದ್ದು. ಎರಡೇ ಬಾಗಿಲು, ಉದ್ದ ಮೂತಿ, ಎಂಟು ಸಿಲಿಂಡರಿನ ಎಂಜಿನ್. ಓಟಕ್ಕೆಂದೇ ಹುಟ್ಟಿದ ಜಾತಿ. ಈಗ ಅದರೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಮೆಕ್ಯಾನಿಕ್ ಅದನ್ನು ಗುಜರಿಯ ತೂಕಕ್ಕೆ ಕೊಂಡು ತಂದ. ಹೊಸದರಂತೆ ಮಾಡಿ ಮಾರುತ್ತೇನೆ ಎಂದ. ಅದಕ್ಕೆ ಒಂಬತ್ತು ವರ್ಷ ಹಿಡಿಯಿತು.

ಚಹಾ ಕೊಡಲು ಹೋದಾಗಲೆಲ್ಲ ಹೆಂಡತಿ ನೋಡುತ್ತಿದ್ದಳು. ಎಂಜಿನ್ನಿನ ಒಂದು ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅವನು ದಿನಕ್ಕೆ ಎರಡು ಹನಿ ಎಣ್ಣೆ ಬಿಟ್ಟ. ಕಾದ. ಕೂದಲೆಳೆಯಷ್ಟು ತಿರುಗಿಸಿದ. ಮತ್ತೆ ಕಾದ. ಇಪ್ಪತ್ತೊಂದನೆಯ ದಿನ ಅದು ಬಿಟ್ಟುಕೊಂಡಿತು. ಅಷ್ಟು ದಿನವೂ ಅವನು ಒಂದು ಬೈಗುಳ ಆಡಲಿಲ್ಲ. ಅಲ್ಲಿ ಎಣ್ಣೆ ಬಿಡುವವನೇ ಬೇರೆ, ಊಟಕ್ಕೆ ಮನೆಗೆ ಬರುವವನೇ ಬೇರೆ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ಅಲ್ಲಿಗೇ ಬಿಡುತ್ತಿದ್ದಳು.

ಎಂಟನೆಯ ವರ್ಷ ಬಣ್ಣದ ಕೆಲಸ. ಏಳು ಪದರ ಕೆಂಪು ಬಣ್ಣ. ಒಂದೊಂದು ಪದರವನ್ನೂ ನೀರು ಹಾಕಿ ತೀಡಿ, ಒಣಗಿಸಿ, ಮತ್ತೊಂದು. ಒಂದು ದಿನ ಮಗಳು ಶಾಲೆಯಿಂದ ಓಡಿ ಬಂದಳು. ಚೀಲದ ಬಕಲು ಕಾರಿನ ಬಾಗಿಲಿಗೆ ತಾಗಿ ಗೀರು ಬಿತ್ತು. ಅವನು ಒಂದೇ ಏಟು ಹೊಡೆದ. ಹುಡುಗಿ ಗೋಡೆಗೆ ಹೋಗಿ ಬಿದ್ದಳು. ಎಡಗಿವಿಯಿಂದ ರಕ್ತ ಇಳಿಯಿತು.

ತಾಯಿ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. "ಆಡುವಾಗ ಬಿದ್ದಳು" ಎಂದು ಹೇಳಿದಳು. ಡಾಕ್ಟರು ತಾಯಿಯ ಮುಖವನ್ನೊಮ್ಮೆ ನೋಡಿ, ಈ ಕಿವಿ ಇನ್ನು ಕೇಳುವುದಿಲ್ಲ ಎಂದರು. ಮನೆಗೆ ಬಂದಾಗ ಗಂಡ ಕಾರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ನಾಲ್ಕು ದಿನ ಹಾಗೇ ಕೂತು ಆ ಗೀರನ್ನು ತೀಡಿದ. ಉಸಿರು ಹಿಡಿದು, ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ನೋಡಿದ. ಗೀರು ಹೋಯಿತು.

ಮರುವರ್ಷ ಕಾರು ಮಾರಾಟಕ್ಕಿದೆ ಎಂದು ಪತ್ರಿಕೆಯಲ್ಲಿ ಹಾಕಿಸಿದ. ಮೊದಲು ಒಬ್ಬ ಕಂಟ್ರಾಕ್ಟರು ಬಂದ. ಗಟ್ಟಿಮುಟ್ಟಾದ ಎತ್ತರದ ಮನುಷ್ಯ, ಹಿಂದೆ ನಾಲ್ಕು ಜನ. ಅವನು ಕಾರಿನ ಬಾಗಿಲನ್ನು ಧಡಾರನೆ ಹಾಕಿದ. ಮೆಕ್ಯಾನಿಕ್ ಕೈಮುಗಿದು, "ಕ್ಷಮಿಸಬೇಕು, ಇದು ನಿಮಗಲ್ಲ" ಎಂದ. ಕಂಟ್ರಾಕ್ಟರು ಅವನ ಕೊರಳಪಟ್ಟಿ ಹಿಡಿದ. ಅವನ ತಾಯಿಯ ಹೆಸರೆತ್ತಿ ಬೈದ. ಮೆಕ್ಯಾನಿಕ್ ಮುಗಿದ ಕೈ ಇಳಿಸಲಿಲ್ಲ. ನಗುತ್ತಲೇ ಅವರನ್ನು ಹೆದ್ದಾರಿಯವರೆಗೆ ಬಿಟ್ಟು ಬಂದ. ಹೆಂಡತಿ ಕಿಟಕಿಯಲ್ಲಿ ನಿಂತು ನೋಡಿದಳು.

ಆಮೇಲೆ ಬಂದವರು ಒಬ್ಬ ಮುದುಕರು. ಇಂಜಿನಿಯರಾಗಿ ನಿವೃತ್ತರಾದವರು. ಅವರು ಕಾರಿನ ಅಡಿಗೆ ಮಲಗಿ ನೋಡಿದರು, ಬಾಗಿಲನ್ನು ಬೆರಳಿನಿಂದ ತಳ್ಳಿ ಮುಚ್ಚಿದರು. ಮೆಕ್ಯಾನಿಕ್ ಬೀಗದ ಕೈ ಅವರ ಅಂಗೈಯಲ್ಲಿಟ್ಟ. ಹೊರಡುವ ಮುನ್ನ ಅವರು ಚಹಾ ತಂದ ಹೆಂಡತಿಯನ್ನು ಕಂಡು ಎದ್ದು ನಿಂತರು.

"ನನ್ನ ಆಯುಷ್ಯದಲ್ಲಿ ಇಂಥ ತಾಳ್ಮೆಯ ಮನುಷ್ಯನನ್ನು ಕಂಡಿಲ್ಲಮ್ಮ. ನೀವು ಪುಣ್ಯವಂತರು" ಎಂದರು.

ಅವಳು ಲೋಟವನ್ನು ಅವರ ಮುಂದಿಟ್ಟಳು. ತಲೆಯಾಡಿಸಿ ಒಳಗೆ ಹೋದಳು. ಅನ್ನಕ್ಕೆ ಇಟ್ಟ ನೀರು ಕುದಿದು ಬತ್ತುವವರೆಗೂ ಒಲೆಯ ಮುಂದೆ ನಿಂತಿದ್ದಳು. ತಾಳ್ಮೆ ಇಲ್ಲದವನೆಂದು ಇಷ್ಟು ವರ್ಷ ಸಹಿಸಿದ್ದಳು. ಇದ್ದೂ ಕೊಡದವನೆಂದು ಈಗ ತಿಳಿಯಿತು.

ಮಧ್ಯಾಹ್ನ ಅವನು ಖಾಲಿ ಗ್ಯಾರೇಜಿನ ನೆಲ ಒರೆಸುತ್ತಿದ್ದ. ಅವಳು ಬಾಗಿಲಲ್ಲಿ ನಿಂತಳು.

"ಒಂದು ಬೋಲ್ಟಿಗೆ ಇಪ್ಪತ್ತೊಂದು ದಿನ ಕಾದಿರಿ. ಮಗುವಿಗೆ ಒಂದು ಗಳಿಗೆ ಕಾಯಲಾಗಲಿಲ್ಲವೇ?"

ಅವನಿಗೆ ಪ್ರಶ್ನೆ ವಿಚಿತ್ರವೆನಿಸಿತು. ತಲೆಯೆತ್ತದೆಯೇ ಹೇಳಿದ: "ಅದು ಮುರಿದಿದ್ದರೆ ಇನ್ನೊಂದು ಸಿಗುತ್ತಿರಲಿಲ್ಲ."

ಅವಳು ಒಳಗೆ ಹೋಗಿ ಎರಡು ಚೀಲ ಕಟ್ಟಿದಳು. ಮಗಳ ಬಲಗಿವಿಯ ಹತ್ತಿರ ಬಾಗಿ, "ನಡಿ" ಎಂದಳು. ಇಬ್ಬರೂ ಹೆದ್ದಾರಿಗೆ ಬಂದು ಬಸ್ಸು ಹತ್ತಿದರು. ದೂರದ ಊರಿನ ಒಂದು ಹಾಸ್ಟೆಲಿನಲ್ಲಿ ಅವಳಿಗೆ ಅಡುಗೆ ಕೆಲಸ ಸಿಕ್ಕಿತು. ಹುಡುಗಿ ಅಲ್ಲಿನ ಶಾಲೆ ಸೇರಿದಳು. ಹಿಂದಿನಿಂದ ಯಾರಾದರೂ ಜೋರಾಗಿ ನಡೆದು ಬಂದರೆ ಅವಳು ಇಂದಿಗೂ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ.

ಮೆಕ್ಯಾನಿಕ್ ಕೇಳಿದವರಿಗೆಲ್ಲ, "ನನ್ನದು ಸ್ವಲ್ಪ ಮುಂಗೋಪ. ಅವಳಿಗೆ ಅರ್ಥವಾಗಲಿಲ್ಲ" ಎನ್ನುತ್ತಾನೆ. ಕೇಳಿದವರು ಹೌದೆಂದು ತಲೆದೂಗುತ್ತಾರೆ. ಈಗ ಅವನು ಇನ್ನೊಂದು ಹಳೆಯ ಕಾರು ತಂದಿದ್ದಾನಂತೆ.

ಗುರುಗಳು ಕತೆ ನಿಲ್ಲಿಸಿದರು. ಸಂಕಣ್ಣ ಮತ್ತೆ ಕೇಳಿದ:

"ಆದರೂ ಗುರುಗಳೇ, ಆ ಗಳಿಗೆಯಲ್ಲಿ ಅವನಿಗೆ ಏನೂ ಕಂಡಿರಲಾರದು. ಸಿಟ್ಟು ಕುರುಡಲ್ಲವೇ?"

ಗುರುಗಳು ಹೇಳಿದರು: "ಕುರುಡಾಗಿದ್ದರೆ ಅದು ಒಮ್ಮೆಯಾದರೂ ದಾರಿ ತಪ್ಪಿ, ತನಗಿಂತ ಬಲವಾದವನ ಮೇಲೆ ಬೀಳುತ್ತಿತ್ತು."