ದಕ್ಕೆಯ ದೀಪವೂ ತಂದೆ ಮೀನೂ

ಹವಳದ ದಿಬ್ಬದಲ್ಲಿ ಗಂಡು ಪಟ್ಟೆಮೀನೊಂದು ಹಗಲಿರುಳೂ ರೆಕ್ಕೆ ಬೀಸುತ್ತ ತನ್ನ ಮೊಟ್ಟೆಗಳನ್ನು ಕಾಯುತ್ತಿತ್ತು. ಆ ಕುಲದ ಮರಿಗಳು ಕತ್ತಲು ಕವಿದರೆ ಮಾತ್ರ ಮೊಟ್ಟೆಯೊಡೆದು ಹೊರಬರುತ್ತವೆ. ದಿನ ತುಂಬಿದ ಸಂಜೆ ಮೀನು, ದೋಣಿ ನಿಲ್ಲುವ ದಕ್ಕೆಯ ಮೇಲಿನ ಹೊಸ ದೀಪವನ್ನು ಬೇಡಿತು: “ದೀಪಣ್ಣ, ಇವತ್ತೊಂದು ರಾತ್ರಿ ಕಣ್ಣು ಮುಚ್ಚಪ್ಪ. ಮಕ್ಕಳು ಕತ್ತಲಿಗೆ ಕಾದು ಕೂತಿವೆ.”

“ಸರಿಹೋಯ್ತು! ಕಳ್ಳ ಏಡಿಗಳು ಬರುವ ಹೊತ್ತಿಗೇ ನಾನು ಕಣ್ಣು ಮುಚ್ಚಬೇಕೇ? ಮಕ್ಕಳಿಗೆ ಬೆಳಕು ಬೇಡವೆನ್ನುವ ತಂದೆಯನ್ನು ಇವತ್ತೇ ಕಂಡೆ,” ಎಂದು ದೀಪ ಗದರಿತು.

ಮೀನು ತನ್ನ ಮೈಯನ್ನೇ ಅಡ್ಡ ಹಿಡಿಯಿತು. ಅಷ್ಟು ನೆರಳು ಸಾಲಲಿಲ್ಲ. ರಾತ್ರಿಗಳು ಕಳೆದಂತೆ ಮೊಟ್ಟೆಯೊಳಗೆ ಹೊಳೆಯುತ್ತಿದ್ದ ಪುಟ್ಟ ಕಣ್ಣುಗಳು ಒಂದೊಂದಾಗಿ ಮಸುಕಾದವು.

ಕೊನೆಗೊಂದು ಬೆಳಗ್ಗೆ ಆರುವ ಮುನ್ನ ದೀಪ ಹೇಳಿತು: “ನೋಡಿದೆಯಾ, ನನ್ನ ಕಾವಲಿನಲ್ಲಿ ನಿನ್ನ ಒಂದು ಮೊಟ್ಟೆಯೂ ಕಳುವಾಗಲಿಲ್ಲ.”