ನೀರೆರೆದವ್ವನ ಗುಡ್ಡ

ಹೊಂಬಳ್ಳಿಯ ಹೈಸ್ಕೂಲಿನ ಹಿಂದೆ ಬೋಳುಬೋಳಾಗಿ ಕೂತಿರುವ ಗುಡ್ಡಕ್ಕೆ ನೀರೆರೆದವ್ವನ ಗುಡ್ಡ ಎಂದು ಹೆಸರು. ಹೆಸರು ಕೇಳಿ ಮೇಲೆಲ್ಲೋ ಹೊಂಡವಿದ್ದೀತೆಂದು ಹತ್ತಿದವರು ನಾಲಿಗೆ ಒಣಗಿಸಿಕೊಂಡು ಇಳಿಯುತ್ತಾರೆ; ಅಲ್ಲಿ ಹನಿ ನೀರಿಲ್ಲ. ಶಾಲೆಯ ಬುನಾದಿಯ ಕಲ್ಲುಗಳು ಅರಸರ ಕಾಲದ ವಿದ್ಯಾಮಠದವು ಎನ್ನುತ್ತಾರೆ. ಅಂದು ಮಠಕ್ಕೆ ಬಿಟ್ಟ ಎರೆಹೊಲದ ಜೋಳ ಇಂದಿಗೂ ಶಾಲೆಯ ಮಕ್ಕಳ ಊಟಕ್ಕೇ ಸಲ್ಲುತ್ತದೆ. ಒಳ್ಳೆಯದೇ, ಯಾರು ಬೇಡವೆಂದರು? ಆದರೆ ಆ ಹೊಲ ಅರಸನ ಕೈಗೆ ಹೇಗೆ ಬಂತೆಂದು ಕೇಳಿದರೆ ಊರ ಹಿರಿಯರು ಮಾತು ಬದಲಿಸುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಕೇತರಸನೆಂಬ ಮಾಂಡಲಿಕ ಆಳುತ್ತಿದ್ದ. ದಂಡೆತ್ತಿ ಹೋಗಿ ನೆರೆಯ ಪಟ್ಟಣವನ್ನು ಸುಟ್ಟಾಗ ಅಲ್ಲಿಯ ವಿದ್ಯಾಮಠವೂ, ಒಳಗೆ ಓದುತ್ತಿದ್ದವರೂ ಬೂದಿಯಾದರು. ಮರಳಿ ಬಂದವನಿಗೆ ಅನ್ನ ಬಾಯಿಗಿಟ್ಟರೆ ಹೊಗೆಯ ವಾಸನೆ. ಪಾಪ ಕಳೆಯಲು ಹೊಂಬಳ್ಳಿಯಲ್ಲಿ ಮಠ ಕಟ್ಟಿಸಿ ಭೂಮಿ ಬಿಡುತ್ತೇನೆಂದು ಹರಕೆ ಹೊತ್ತ. ತನ್ನ ಹೊಲವನ್ನೇ ಕೊಟ್ಟನೇ? ಅಯ್ಯೋ, ಅಷ್ಟು ದೊಡ್ಡ ಮನಸ್ಸು ಎಲ್ಲಿಯದು! ಗುಡ್ಡದಾಚೆಯ ಮುದ್ದನಹಟ್ಟಿಯವರ ಎರೆಹೊಲದ ಮೇಲೆ ಅವನ ಕಣ್ಣು ಬಿತ್ತು. ಹಟ್ಟಿಗೆ ಇದ್ದದ್ದು ಅದೊಂದೇ ಹೊಲ.

ಆ ಕಾಲದಲ್ಲಿ ಭೂಮಿಯ ಎಲ್ಲೆ ಗೊತ್ತು ಮಾಡುವುದಕ್ಕೆ ಗಡಿ ತುಳಿಯುವ ಪದ್ಧತಿಯಿತ್ತು. ಗಡಿ ತುಳಿಯುವವನ ತಲೆಗೆ ಹಸಿ ತೊಗಲು ಬಿಗಿದು, ಮೇಲೊಂದು ಮಣ್ಣಿನ ಹೆಂಟೆ ಇಡುತ್ತಿದ್ದರು. ಅವನು ನಡೆದಲ್ಲೆಲ್ಲ ಕಲ್ಲು ನೆಡಬೇಕು; ನಡಿಗೆ ಮುಗಿಯುವತನಕ ತೊಗಲು ಬಿಚ್ಚುವಂತಿಲ್ಲ. ಬಿಸಿಲಿಗೆ ಅದು ಒಣಗದಂತೆ ನೀರೆರೆಯುವ ಹಕ್ಕು ಪಕ್ಕದ ಹೊಲದವರಿಗೆ ಮಾತ್ರ. ಒಮ್ಮೆ ನೀರೆರೆದರೆ ಅವನು ಮುಂದೆ ತುಳಿಯುವ ಗಡಿಯನ್ನೂ ಒಪ್ಪಿದಂತೆ. ದಾರಿ ನ್ಯಾಯದ್ದಾದರೆ ತಂಬಿಗೆ ಹಿಡಿದು ತಾವಾಗಿ ಬರುತ್ತಿದ್ದರು. ಅನ್ಯಾಯದ್ದಾದರೆ ಯಾರೂ ಬರುತ್ತಿರಲಿಲ್ಲ. ಒಣಗಿದ ತೊಗಲು ತಲೆಯನ್ನು ಹಿಂಡುತ್ತಿತ್ತು.

ಹೊಂಬಳ್ಳಿಯಲ್ಲಿ ಗಡಿ ತುಳಿಯುವ ಮನೆತನದವನು ಬಮ್ಮಗೌಡ. ಅವನ ಒಬ್ಬಳೇ ಮಗಳು ಜಕ್ಕವ್ವನನ್ನು ಕೊಟ್ಟದ್ದು ಅದೇ ಮುದ್ದನಹಟ್ಟಿಗೆ. ಕೇತರಸ ಅವನನ್ನು ಕರೆಸಿ, "ಗುಡ್ಡದಾಚೆಗೆ ತುಳಿದು ಬಾ. ಮಠದ ಭೂಮಿಯ ಗೌಡಿಕೆ ನಿನ್ನದು. ತುಳಿಯದಿದ್ದರೆ ನಿನ್ನ ತಲೆ ನನ್ನದು" ಎಂದನಂತೆ. ಸುದ್ದಿ ಹಟ್ಟಿಗೆ ಮುಟ್ಟಿದಾಗ ಜಕ್ಕವ್ವ ನಂಬಲಿಲ್ಲ. ನಮ್ಮಪ್ಪ ಹಾಗೆ ಮಾಡುವವನಲ್ಲ, ಗುಡ್ಡದ ಬುಡದಿಂದಲೇ ತಿರುಗುತ್ತಾನೆ ಎಂದು ಅತ್ತೆಯ ಮುಂದೆ ಆಣೆ ಇಟ್ಟಳು.

ಬಮ್ಮಗೌಡ ತಿರುಗಲಿಲ್ಲ. ಬಿಸಿಲೇರುವ ಹೊತ್ತಿಗೆ, ಹಿಂದೆ ಕಲ್ಲು ಹೊತ್ತ ಆಳುಗಳೊಡನೆ, ಗುಡ್ಡ ಹತ್ತತೊಡಗಿದ. ಹಟ್ಟಿಯವರೆಲ್ಲ ನೆತ್ತಿಯ ಮೇಲೆ ಸಾಲಾಗಿ ನಿಂತಿದ್ದರು. ಯಾರೂ ಬೈಯಲಿಲ್ಲ, ಕೈ ಎತ್ತಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು, ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತಿತ್ತು. ತೊಗಲು ಮರದ ಹಾಗೆ ಸೆಟೆದಿತ್ತು. ಗೌಡನ ಕಣ್ಣು ಕೆಂಪಡರಿ ಹೊರಗೆ ಬಂದಿದ್ದವು, ಮೂಗಿನಿಂದ ರಕ್ತ ಇಳಿಯುತ್ತಿತ್ತು. ಜಕ್ಕವ್ವನೂ ಆ ಸಾಲಿನಲ್ಲಿದ್ದಳು. ಎಷ್ಟೆಂದರೂ ಹೆತ್ತ ಅಪ್ಪ. ಅವಳು ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಸಾಲು ಬಿಟ್ಟು ಮುಂದೆ ಬಂದಳು. "ಬ್ಯಾಡ ಜಕ್ಕಿ" ಎಂದು ಗಂಡ ಸೆರಗು ಹಿಡಿದ. ಅವಳು ಬಿಡಿಸಿಕೊಂಡಳು.

"ಅಪ್ಪಾ, ಇಲ್ಲಿಂದ ಹೊಳ್ಳಿ ಹೋಗ್ತೀನಿ ಅನ್ನು. ಕೊಡ ಪೂರಾ ಸುರೀತೀನಿ."

"ಮೊದಲು ನೀರು ಹಾಕವ್ವಾ," ಎಂದ ಬಮ್ಮಗೌಡ. "ನಿನ್ನಾಣಿ, ಹೊಳ್ಳಿ ಹೋಗ್ತೀನಿ."

ಅವಳು ಸುರಿದಳು. ತೊಗಲು ನೀರು ಹೀರಿ ಮೆತ್ತಗಾಯಿತು, ಗೌಡನ ಉಸಿರು ಮರಳಿತು. ಅವನು ಕಣ್ಣು ಒರೆಸಿಕೊಂಡು ಮಗಳ ಮುಖವನ್ನೊಮ್ಮೆ ನೋಡಿದ. ಆಮೇಲೆ ಅವಳ ಪಕ್ಕದಿಂದಲೇ ಹಾದು ಹಟ್ಟಿಯ ಹೊಲದ ಕಡೆಗೆ ಇಳಿದು ಹೋದ. ತಡೆಯುವ ಹಕ್ಕು ಈಗ ಯಾರಿಗೂ ಉಳಿದಿರಲಿಲ್ಲ. ಹಟ್ಟಿಯ ಸೊಸೆಯೇ ನೀರೆರೆದಿದ್ದಳು.

ಕೇಡಿಗನಿಗೆ ಕೂಡಲೇ ಕೇಡಾಗಬೇಕೆಂದು ಕಥೆ ಕೇಳುವವರು ಬಯಸುತ್ತಾರೆ. ಹಾಗೇನೂ ಆಗಲಿಲ್ಲ. ಬಮ್ಮಗೌಡ ಗೌಡಿಕೆ ಮಾಡಿಕೊಂಡು ಬಹುಕಾಲ ಬಾಳಿದ, ಕೇತರಸನಿಗೆ ಅನ್ನ ರುಚಿಸಿತು, ಮಠದಲ್ಲಿ ದೊಡ್ಡ ದೊಡ್ಡ ಪಂಡಿತರು ತಯಾರಾದರು. ಮುದ್ದನಹಟ್ಟಿಯವರು ಗಂಟುಮೂಟೆ ಕಟ್ಟಿ ಎದ್ದು ಹೋದರು. ಜಕ್ಕವ್ವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ, ಜೊತೆಗೆ ಬಾ ಎಂದೂ ಕರೆಯಲಿಲ್ಲ. ಅವಳು ತವರಿಗೂ ಇಳಿಯದೆ ಗುಡ್ಡದ ಮೇಲೆಯೇ ಉಳಿದಳು. ಮುಂದೆ ಏನಾದಳೆಂದು ಹೇಳುವವರಿಲ್ಲ.

ಗುಡ್ಡದ ನೆತ್ತಿಯಲ್ಲಿ ಮೊಣಕಾಲೆತ್ತರದ ಒಂದು ಹೆಣ್ಣುಮೂರ್ತಿ ಇದೆ. ಯಾರು ನಿಲ್ಲಿಸಿದರೋ ತಿಳಿಯದು. ಕೈಯಲ್ಲಿಯ ಕೊಡ ಬೋರಲಾಗಿದೆ. ಬಂದವರು ಫೋಟೋ ತೆಗೆಯಲು ಎದುರಿಗೆ ಹೋಗಬೇಕೆಂದರೆ ಆಚೆಯ ಇಳಿಜಾರಿನಲ್ಲಿ ಕಾಲೂರಿ ನಿಲ್ಲಬೇಕು. ಏಕೆಂದರೆ ಅವಳ ಮುಖವಿರುವುದು ಅಪ್ಪ ಇಳಿದು ಹೋದ ದಾರಿಯ ಕಡೆಗೆ. ಅವನು ಹೊಳ್ಳಿ ಬರುತ್ತಾನೆಂದು ಅವಳು ಇನ್ನೂ ನೋಡುತ್ತಿದ್ದಾಳೆ ಎನ್ನುತ್ತಾರೆ.